ಮುಂದಿನ ಸೀಟಿನ ಸಿಹಿ ವಾಸನೆ

ವಿಜ್ಞಾನ ಕಲಿಸುವವರ ದೊಡ್ಡ ತೊಂದರೆಯೆಂದರೆ ಅವರು ತಪ್ಪನ್ನೂ ಕ್ರಮಬದ್ಧವಾಗಿಯೇ ಮಾಡುತ್ತಾರೆ. ಬೇರೆಯವರು ಯಾರ ಮೇಲಾದರೂ ಸುಮ್ಮನೆ ಅನುಮಾನ ಪಡುತ್ತಾರೆ, ಎರಡು ದಿನಕ್ಕೆ ಮರೆಯುತ್ತಾರೆ. ನಾವು ಹಾಗಲ್ಲ. ಗಮನಿಸುತ್ತೇವೆ, ಹೋಲಿಸುತ್ತೇವೆ, ಸಾಕ್ಷಿ ಕೂಡಿಸುತ್ತೇವೆ, ತೀರ್ಮಾನಕ್ಕೆ ಬಂದು ಕೂತುಬಿಡುತ್ತೇವೆ. ಒಮ್ಮೆ ಕೂತರೆ ಅಲ್ಲಿಂದ ಎಬ್ಬಿಸುವುದು ಕಷ್ಟ. ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲಿನ ಮಕ್ಕಳಿಗೆ ‘ಮೊದಲು ನೋಡಿ, ಆಮೇಲೆ ಹೇಳಿ’ ಎಂದು ಕಲಿಸುತ್ತಿರುವ ನಾನು ನಮ್ಮ ಅತ್ತೆಯವರ ವಿಷಯದಲ್ಲಿ ಮೊದಲು ಹೇಳಿ ಆಮೇಲೆ ನೋಡಿದೆ. ಇದನ್ನು ಮನೆಯಲ್ಲಿ ಇವತ್ತಿಗೂ ಯಾರ ಮುಂದೂ ಒಪ್ಪಿಕೊಂಡಿಲ್ಲ. ನಿಮ್ಮ ಮುಂದೆ ಒಪ್ಪಿಕೊಳ್ಳುವ ಧೈರ್ಯ ಬಂದದ್ದು ಯಾಕೆಂದರೆ ಅತ್ತೆಯವರು ಓದುವುದು ಗೋಡೆಯ ಕ್ಯಾಲೆಂಡರನ್ನು ಮಾತ್ರ, ನಮ್ಮ ಮನೆಯವರು ಅದನ್ನೂ ಓದುವುದಿಲ್ಲ.

ನಾವಿರುವುದು ಚಿತ್ತಾಪುರದಲ್ಲಿ. ನಮ್ಮ ಮನೆಯವರು ವಾಡಿಯ ಕಡೆ ಒಂದು ಸಿಮೆಂಟು ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಾರೆ. ಮನೆಯಲ್ಲಿದ್ದಾಗ ನಿದ್ದೆಯಲ್ಲಿರುತ್ತಾರೆ, ಎಚ್ಚರವಿದ್ದಾಗ ಮನೆಯಲ್ಲಿರುವುದಿಲ್ಲ. ನನ್ನ ಶಾಲೆ ಕಾಳಗಿ ರಸ್ತೆಯ ಒಂದು ಹಳ್ಳಿಯಲ್ಲಿದೆ. ಬಸ್ಸಿಗೆ ಕಾದು ಕಾದು ಸಾಕಾಗಿ ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಕಾರು ಓಡಿಸುವುದನ್ನು ಕಲಿತೆ. ಕಾರು ಹೊಸದೇನಲ್ಲ. ನಮ್ಮ ಮನೆಯವರ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರು ನಿವೃತ್ತರಾಗಿ ಊರು ಬಿಡುವಾಗ ನಮಗೆ ದಾಟಿಸಿಹೋದದ್ದು. ಕಾಗದಪತ್ರದಲ್ಲಿ ಬಿಳಿ ಬಣ್ಣ ಎಂದಿದೆ. ವಾಡಿಯ ಧೂಳು ಕುಡಿದು ಕುಡಿದು ಈಗ ಅದಕ್ಕೊಂದು ಹೆಸರಿಲ್ಲದ ಬಣ್ಣ ಬಂದಿದೆ.

ಕಾರು ಓಡಿಸುವವಳು ನಾನಾದರೂ ಅದರ ಯಜಮಾನಿಕೆ ಅತ್ತೆಯವರದು. ಹೆಸರು ನಾಗಮ್ಮ, ವಯಸ್ಸು ಎಪ್ಪತ್ತಮೂರು. ಹಲ್ಲು ಮಳಖೇಡದ ಕೋಟೆಯಂತೆ ಅಲ್ಲಲ್ಲಿ ಉದುರಿದ್ದರೂ ಉಳಿದದ್ದು ಗಟ್ಟಿಯಾಗಿದೆ. ದನಿಗೆ ಅಷ್ಟೂ ಧಕ್ಕೆಯಾಗಿಲ್ಲ. ನನ್ನ ಶಾಲೆಯ ದಾರಿಯಲ್ಲೇ ನಮ್ಮದು ನಾಲ್ಕು ಎಕರೆ ತೊಗರಿ ಹೊಲವಿದೆ. ಪಾಲಿಗೆ ಹಾಕಿದ್ದೇವೆ, ನಾವು ಮಾಡುವುದು ಏನೂ ಇಲ್ಲ. ಆದರೆ ತಾನು ಹೋಗಿ ಬದುವಿನ ಮೇಲೆ ಕೂರದಿದ್ದರೆ ತೊಗರಿ ಬೆಳೆಯುವುದನ್ನು ಮರೆತುಬಿಡುತ್ತದೆ ಎಂದು ಅತ್ತೆಯವರ ನಂಬಿಕೆ. ಹಾಗಾಗಿ ದಿನಾ ಬೆಳಿಗ್ಗೆ ನನ್ನ ಜೊತೆ ಮುಂದಿನ ಸೀಟಿನಲ್ಲಿ ಕೂತು ಹೊರಡುತ್ತಾರೆ, ಹೊಲದ ಹತ್ತಿರ ಇಳಿಯುತ್ತಾರೆ, ಸಂಜೆ ನಾನು ಬರುವಾಗ ಹತ್ತುತ್ತಾರೆ. ದಾರಿಯುದ್ದಕ್ಕೂ ಎಮ್ಮೆ ಬಂತು, ಟ್ರ್ಯಾಕ್ಟರ್ ಬಂತು, ಹಾರ್ನ್ ಹೊಡಿ, ಇವರ ಮುಂದೆ ಹೊಡೀಬೇಡ, ಇವರು ನಮ್ಮವರು ಎಂದು ಹೇಳುತ್ತಲೇ ಇರುತ್ತಾರೆ. ಕಿಟಕಿಯಿಂದ ಅವರು ಮಾತಾಡಿಸುವ ಜನರ ಲೆಕ್ಕ ಹಿಡಿದರೆ ಚುನಾವಣೆಗೆ ನಿಲ್ಲಬಹುದು. ಆ ಸೀಟಿನಲ್ಲಿ ಬೇರೆ ಯಾರಾದರೂ ಕೂತರೆ ಅವರು ಏನೂ ಅನ್ನುವುದಿಲ್ಲ. ಇಳಿಯುವವರೆಗೂ ಏನೂ ಅನ್ನುವುದಿಲ್ಲ, ಅಷ್ಟೇ.

ಎರಡು ವರ್ಷದ ಹಿಂದೆ ಅತ್ತೆಯವರಿಗೆ ಸಕ್ಕರೆ ಕಾಯಿಲೆ ಎಂದು ಸೇಡಂನ ಡಾಕ್ಟರು ಹೇಳಿದರು. ಮಾತ್ರೆ ಅವರಿಗೆ ಕೊಟ್ಟರು, ಕಾವಲುಗಾರಿಕೆ ನನಗೆ ಕೊಟ್ಟರು. ಆ ಕೆಲಸವನ್ನು ನಾನು ಸ್ವಲ್ಪ ಹೆಚ್ಚೇ ಮನಸ್ಸಿಟ್ಟು ಮಾಡಿದೆನೇನೋ. ಬೆಲ್ಲದ ಡಬ್ಬಿ ಅಟ್ಟಕ್ಕೆ ಹೋಯಿತು. ಹಬ್ಬದಲ್ಲಿ ಶೇಂಗಾ ಹೋಳಿಗೆ ಮಾಡಿದರೆ ಎಣಿಸಿ ಇಡುತ್ತಿದ್ದೆ. ಅತ್ತೆಯವರು ನೆರೆಮನೆಗೆ ಹೋಗಿಬಂದರೆ ಬಾಗಿಲಲ್ಲೇ ಅವರ ಮುಖವನ್ನು, ಅದರಲ್ಲೂ ತುಟಿಯ ತುದಿಯನ್ನು, ನೋಡುತ್ತಿದ್ದೆ. ಅವರು ಮೊದಮೊದಲು ಜಗಳ ಮಾಡಿದರು, ಆಮೇಲೆ ಸುಮ್ಮನಾದರು. ಅವರು ಸುಮ್ಮನಾದದ್ದೇ ನನಗೆ ಅನುಮಾನಕ್ಕೆ ಕಾರಣವಾಯಿತು.

ಇನ್ನು ಕಾರಿನ ಕಥೆ. ಹೋದ ಮೇ ತಿಂಗಳಲ್ಲಿ ನಾವು ಮೂವರೂ ಚಿಂಚೋಳಿಗೆ ಹೋಗಿದ್ದೆವು. ಅಲ್ಲಿ ಅತ್ತೆಯವರ ತಂಗಿ ಶರಣಮ್ಮನವರ ಮನೆಯಿದೆ. ಊಟ ಮಾಡಿ, ಚಂದ್ರಂಪಳ್ಳಿಯ ಜಲಾಶಯ ನೋಡಿಕೊಂಡು ಹಿಂದಿರುಗುವಾಗ ಸೇಡಂ ಇನ್ನೂ ದೂರವಿರುವಾಗಲೇ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇರತೊಡಗಿತು. ಆ ದಿನ ಗಾಡಿ ಹಿಡಿದವರು ನಮ್ಮ ಮನೆಯವರು. ಅವರಿಗೆ ಕಾರ್ಖಾನೆಯಲ್ಲಿ ಯಾರೋ ಒಂದು ಉಪಾಯ ಹೇಳಿಕೊಟ್ಟಿದ್ದರಂತೆ: ಎಂಜಿನ್ ಕಾದರೆ ಒಳಗಿನ ಹೀಟರ್ ಪೂರ್ತಿ ತೆರೆಯಬೇಕು, ಅಲ್ಲಿಯ ಬಿಸಿಯೆಲ್ಲ ಒಳಗೆ ಬಂದು ಎಂಜಿನ್ ತಣ್ಣಗಾಗುತ್ತದೆ ಎಂದು. ವಿಜ್ಞಾನದ ದೃಷ್ಟಿಯಿಂದ ಅದು ಸರಿಯೇ, ನಾನೂ ತಲೆಯಾಡಿಸಿದೆ. ಆದರೆ ಆ ಬಿಸಿ ಎಲ್ಲಿಗೆ ಬರುತ್ತದೆ ಎಂಬುದನ್ನು ನಾವಿಬ್ಬರೂ ಯೋಚಿಸಲಿಲ್ಲ. ಹೊರಗೆ ಮೇ ತಿಂಗಳ ಮಧ್ಯಾಹ್ನದ ಬಿಸಿಲು, ಒಳಗೆ ಹೀಟರ್. ಕಿಟಕಿ ತೆರೆದರೂ ಬೆಂಕಿ, ಮುಚ್ಚಿದರೂ ಬೆಂಕಿ. ಒಂದು ಗಂಟೆ ಕಾಲ ನಾವು ಹಂಚಿನ ಮೇಲಿನ ರೊಟ್ಟಿಯ ಹಾಗೆ ಆ ಕಡೆ ಈ ಕಡೆ ಹೊರಳಿಕೊಂಡು ಬಂದೆವು. ಮನೆ ಮುಟ್ಟಿದಾಗ ಅತ್ತೆಯವರು ಕಾರಿನಿಂದ ಇಳಿಯದೆ, ತಲೆಯ ಮೇಲೆ ಒಂದು ತಂಬಿಗೆ ನೀರು ಸುರಿಯಿರಿ, ಆಮೇಲೆ ನೋಡೋಣ ಎಂದರು. ಮರುದಿನ ನೋಡಿದರೆ ರೇಡಿಯೇಟರಿನ ಜಾಲಿಯೆಲ್ಲ ಧೂಳಿನಿಂದ ಮುಚ್ಚಿಹೋಗಿತ್ತು. ನಮ್ಮ ಮನೆಯವರು ಪೈಪ್ ಹಿಡಿದು ತೊಳೆದರು. ಮುಳ್ಳು ಕೆಳಗಿಳಿಯಿತು. ಸಂಗತಿ ಮುಗಿಯಿತು ಎಂದುಕೊಂಡೆವು.

ಮಳೆ ಶುರುವಾಗುವ ಹೊತ್ತಿಗೆ ಕಾರಿನಲ್ಲಿ ಒಂದು ಸಿಹಿ ವಾಸನೆ ಬರತೊಡಗಿತು. ಪಾಕ ಕಾಯಿಸಿ ಇಳಿಸಿದಾಗ ಬರುತ್ತದಲ್ಲ, ಸುಮಾರು ಅಂಥದ್ದು. ಅದರಲ್ಲೂ ಮುಂದಿನ ಎಡಗಡೆಯ ಸೀಟಿನ ಸುತ್ತ, ಅಂದರೆ ಅತ್ತೆಯವರ ಸುತ್ತ. ಮೊದಲ ದಿನ ಸುಮ್ಮನಿದ್ದೆ. ಎರಡನೆಯ ದಿನ ಮೂಗರಳಿಸಿ ಖಚಿತ ಮಾಡಿಕೊಂಡೆ. ಮೂರನೆಯ ದಿನ ಅತ್ತೆಯವರು ಇಳಿದುಹೋದ ಮೇಲೆ ಸೀಟಿನ ಹತ್ತಿರ ಬಗ್ಗಿ ಮೂಸಿದೆ. ಹೊಲದ ಪಾಲುದಾರ ಬದುವಿನ ಮೇಲೆ ನಿಂತು ನೋಡುತ್ತಿದ್ದ, ನಮಸ್ಕಾರ ಹೇಳಿ ಹೊರಟೆ. ಮುಂದಿನ ಗಾಜು ಒಳಗಿನಿಂದ ಮಂಜು ಹಿಡಿಯುವುದಕ್ಕೂ ಆಗಲೇ ಶುರುವಾಯಿತು. ಒರೆಸಿದರೆ ಎಣ್ಣೆ ಸವರಿದಂತೆ ಜಿಡ್ಡು. ಅತ್ತೆಯವರು ಬಿಡುವಿಲ್ಲದೆ ಮಾತಾಡುತ್ತಾರಲ್ಲ, ಆ ಉಸಿರಿಗೆ ಹೀಗಾಗುತ್ತದೆ ಎಂದು ತೀರ್ಮಾನಿಸಿದೆ. ಎಂಟನೆಯ ತರಗತಿಗೆ ಸಾಂದ್ರೀಕರಣದ ಪಾಠ ಮಾಡುವಾಗ ಇದನ್ನೇ ಉದಾಹರಣೆಯಾಗಿ ಕೊಟ್ಟೆ ಕೂಡ.

ಆಮೇಲೆ ಒಂದು ಸಂಜೆ ಅತ್ತೆಯವರು ಬಚ್ಚಲಿನಲ್ಲಿ ಸೀರೆಯ ಅಂಚನ್ನು ಮಾತ್ರ ತೊಳೆಯುತ್ತಿದ್ದರು. ಹೊಲದ ಕೆಸರಾ ಎಂದು ಕೇಳಿದೆ. ಹೂಂ ಎಂದರು. ಆದರೆ ಅವರು ಒಳಗೆ ಹೋದ ಮೇಲೆ ಒಣಹಾಕಿದ ಸೀರೆಯನ್ನು ಮುಟ್ಟಿದೆ. ಸರಿಯಾಗಿ ಹೋಗದ ಜಿಗುಟು ಬೆರಳಿಗೆ ಹತ್ತಿತು. ಕೆಸರು ಜಿಗುಟಾಗಿರುವುದಿಲ್ಲ. ಜಿಲೇಬಿಯ ಪಾಕ ಜಿಗುಟಾಗಿರುತ್ತದೆ. ದಿನಾ ಬೆಳಿಗ್ಗೆ ಕಾರು ಹತ್ತುವ ಮೊದಲು ಅವರು ಕಾಲಿಡುವ ಜಾಗದಲ್ಲಿ ಬಗ್ಗಿ ಏನನ್ನೋ ಹುಡುಕುವುದನ್ನೂ ನೋಡಿದ್ದೆ. ನಿನ್ನೆ ಬಿದ್ದ ತುಣುಕು ಉಳಿದಿದೆಯೇ ಎಂದು ನೋಡುತ್ತಿದ್ದಾರೆ ಎಂದು ಅರ್ಥ ಮಾಡಿಕೊಂಡೆ. ಕೊನೆಗೆ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಅವರು ಸ್ನಾನಕ್ಕೆ ಹೋದಾಗ ಅವರ ಚೀಲ ನೋಡಿದೆ. ಅಡಿಕೆ, ವಿಭೂತಿ, ಕನ್ನಡಕದ ಒಂದು ಕಡ್ಡಿ, ತಳದಲ್ಲಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಟ್ಟ ಒಂದು ಹಳೆಯ ಬಟ್ಟೆ. ಬಿಚ್ಚಿದರೆ ಹಸಿ, ಜಿಗುಟು, ಅದೇ ಸಿಹಿ ವಾಸನೆ. ಇದರಲ್ಲೇ ಸಿಹಿ ಕಟ್ಟಿಕೊಂಡು ಹೋಗುತ್ತಾರೆ ಎಂಬುದಕ್ಕೆ ಇನ್ನೇನು ಬೇಕು?

ನಿಜವಾದ ವಿಜ್ಞಾನಿಯಾಗಿದ್ದರೆ ಒಂದು ಕಡೆ ನಿಲ್ಲಬೇಕಿತ್ತು. ಮನೆಯಲ್ಲಿ ಸಕ್ಕರೆ ನೋಡುವ ಯಂತ್ರವಿದೆ. ಅದರಲ್ಲಿ ಅತ್ತೆಯವರ ರಕ್ತ ನೋಡಿದರೆ ಸಕ್ಕರೆ ಏರಿರಲೇ ಇಲ್ಲ, ಹಿಂದಿಗಿಂತ ಕಡಿಮೆಯೇ ಇತ್ತು. ದಿನಾ ಜಿಲೇಬಿ ತಿನ್ನುವವರ ಸಕ್ಕರೆ ಇಳಿಯುವುದು ಹೇಗೆ? ಯಂತ್ರ ಕೆಟ್ಟಿರಬೇಕು ಎಂದುಕೊಂಡು ಪರೀಕ್ಷೆಗೆ ನನ್ನ ಬೆರಳನ್ನೇ ಚುಚ್ಚಿಕೊಂಡೆ. ನನ್ನದು ಅವರದಕ್ಕಿಂತ ಹೆಚ್ಚು ತೋರಿಸಿತು. ಯಂತ್ರ ಕೆಟ್ಟಿದೆ ಎಂಬುದು ಅಲ್ಲಿಗೆ ಸಿದ್ಧವಾಯಿತು. ಯಂತ್ರ ಸರಿಯಾಗಿಯೇ ಇತ್ತೆಂದು ಆಮೇಲೆ ಸೇಡಂನ ಡಾಕ್ಟರು ಹೇಳಿದರು. ಅದು ನನ್ನ ಬೇರೆ ಕಥೆ, ಇಲ್ಲಿ ಬೇಡ.

ಇದೇ ದಿನಗಳಲ್ಲಿ ಕಾರು ನೀರು ಕುಡಿಯತೊಡಗಿತ್ತು. ಬಾನೆಟ್ಟಿನ ಕೆಳಗಿನ, ಎಂಜಿನ್ ತಣ್ಣಗಿಡುವ ಕೂಲೆಂಟ್ ದ್ರವದ ಡಬ್ಬಿ ವಾರವಾಗುವಷ್ಟರಲ್ಲಿ ತಳ ಕಾಣುತ್ತಿತ್ತು. ನಮ್ಮ ಮನೆಯವರು ರಜೆಯ ದಿನ ಎದ್ದು ಅದರಲ್ಲಿ ನಲ್ಲಿಯ ನೀರು ತುಂಬಿಸಿ ಮತ್ತೆ ಮಲಗುತ್ತಿದ್ದರು. ಎಲ್ಲೋ ಸೋರುತ್ತಿರಬೇಕಲ್ಲ ಎಂದು ಕೇಳಿದ್ದಕ್ಕೆ ಅವರೂ ಪರೀಕ್ಷೆ ಮಾಡಿದರು. ನಮ್ಮ ಅಂಗಳಕ್ಕೆ ಶಹಾಬಾದ ಫರಸಿ ಹಾಸಿದ್ದೇವೆ. ಆ ನೀಲಿ ಬೂದು ಕಲ್ಲಿನ ಮೇಲೆ ಹನಿ ಬಿದ್ದರೆ ಮಚ್ಚೆಯ ಹಾಗೆ ಎದ್ದು ಕಾಣುತ್ತದೆ. ಹಗಲೆಲ್ಲ ಕಾರು ನಿಲ್ಲಿಸಿ, ಹೊಟ್ಟೆಯ ಮೇಲೆ ಮಲಗಿ ಬ್ಯಾಟರಿ ಹಾಕಿ ನೋಡಿದರು. ಒಂದು ಹನಿಯಿಲ್ಲ. ಸೋರಿಕೆ ಇಲ್ಲ, ಹಳೆಯ ಎಂಜಿನ್, ಅದೇ ಕುಡಿಯುತ್ತದೆ ಎಂದು ತೀರ್ಪು ಕೊಟ್ಟರು. ನಾನು ನಂಬಿದೆ. ನನ್ನ ಗಮನವೆಲ್ಲ ಸಿಹಿಯ ಮೇಲಿತ್ತು. ನೀರು ಎಲ್ಲಿ ಹೋಗುತ್ತದೆ ಎಂಬ ಪ್ರಶ್ನೆ ಒಂದು ಪುಸ್ತಕದಲ್ಲಿ, ವಾಸನೆ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಇನ್ನೊಂದು ಪುಸ್ತಕದಲ್ಲಿ. ಎರಡನ್ನೂ ಒಟ್ಟಿಗೆ ತೆರೆದು ನೋಡಲು ಹೊಳೆಯಲೇ ಇಲ್ಲ.

ಒಂದು ಬೆಳಿಗ್ಗೆ ಕಾಗಿಣಾ ನದಿಯ ಸೇತುವೆ ದಾಟಿದ ಮೇಲೆ ಇನ್ನು ತಡೆಯಲಾಗದು ಎನಿಸಿತು. ಕೂಗಾಡುವ ಉದ್ದೇಶವಿರಲಿಲ್ಲ. ಕಾಪಿ ಹೊಡೆದ ವಿದ್ಯಾರ್ಥಿಯನ್ನು ಸ್ಟಾಫ್ ರೂಮಿಗೆ ಕರೆದು ಮೆತ್ತಗೆ ಕೇಳುವ ದನಿ ಇದೆಯಲ್ಲ, ಆ ದನಿ ತೆಗೆದೆ.

“ಅತ್ತಿ, ಈ ವಾಸನಿ ಎಲ್ಲಿಂದ ಬರ್ಲಿಕತ್ತದ ಅಂತ ನನಗ ಗೊತ್ತಾಗ್ಯದ.”

ಎದುರಿಗೆ ಬರುತ್ತಿದ್ದ ಎತ್ತಿನ ಗಾಡಿಯವನನ್ನು ಮಾತಾಡಿಸಲು ಎತ್ತಿದ್ದ ಅವರ ಕೈ ಕೆಳಗಿಳಿಯಿತು. “ಬಸೂಗ ಹೇಳಿದೇನು?” ಎಂದರು. ಬಸು ಎಂದರೆ ನಮ್ಮ ಮನೆಯವರು.

“ಇಲ್ಲ.”

“ಹೇಳಬ್ಯಾಡವ್ವ. ಮಗನ ಮುಂದ ನನ್ನ ಮಾನ ಉಳಿಯಂಗಿಲ್ಲ.”

ಸಿಹಿ ತಿಂದದ್ದಕ್ಕೆ ಇಷ್ಟು ನಾಚಿಕೆಯೇ ಎಂದು ನನಗೇ ಪಾಪ ಅನ್ನಿಸಿತು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

“ಬೇಕಂತ ಮಾಡಿದ್ದಲ್ಲ. ನನ್ನ ಕೈಯಾಗ ಏನೂ ಇಲ್ಲ,” ಎಂದರು ಕಿಟಕಿಯ ಕಡೆ ಮುಖ ಮಾಡಿ. “ಆಗಿಹೋದ ಮ್ಯಾಲೇ ನನಗ ಗೊತ್ತಾಗ್ತದ.”

“ಮನಸ್ಸು ಗಟ್ಟಿ ಮಾಡ್ಬೇಕ್ರಿ ಅತ್ತಿ. ದಿನಾ ಸ್ವಲ್ಪ ಸ್ವಲ್ಪ ತಡಕೊಂಡ್ರ ರೂಢಿ ಆಗ್ತದ.”

ಅವರು ತಿರುಗಿ ನನ್ನನ್ನು ನೋಡಿದರು. “ಇದಕ್ಕೂ ಮನಸ್ಸಿಗೂ ಏನವ್ವ ಸಂಬಂಧ?”

“ಎಲ್ಲಾ ಮನಸ್ಸಿನ ಮ್ಯಾಲೇ ಅದರಿ,” ಎಂದೆ ನಾನು, ಮೊನ್ನೆ ಶಾಲೆಯಲ್ಲಿ ಕೇಳಿದ ಯೋಗ ಶಿಬಿರದ ಭಾಷಣವನ್ನು ನೆನೆಸಿಕೊಂಡು. ಹೊಲ ಬರುವವರೆಗೆ ಅವರು ಮಾತಾಡಲಿಲ್ಲ. ಅಂದು ಗಾಜು ಎಂದಿಗಿಂತ ಹೆಚ್ಚು ಮಂಜು ಹಿಡಿದಿತ್ತು. ಮಾತಿಲ್ಲದೆಯೂ ಹಿಡಿದಿತ್ತು ಎಂಬುದನ್ನು ನಾನು ಗಮನಿಸಲಿಲ್ಲ.

ಮರುದಿನದಿಂದ ಅತ್ತೆಯವರು ಕಾರು ಹತ್ತಲಿಲ್ಲ. ಮೊದಲ ದಿನ ಮೊಣಕಾಲು ನೋವು ಎಂದರು, ಎರಡನೆಯ ದಿನ ಹೊಲದಲ್ಲಿ ಏನಿದೆ ನೋಡುವುದಕ್ಕೆ ಎಂದರು. ತೊಗರಿ ಮೊಣಕಾಲೆತ್ತರ ಬಂದ ಕಾಲದಲ್ಲಿ ಅವರು ಹೊಲದಲ್ಲಿ ಏನಿದೆ ಎಂದು ಕೇಳಿದ್ದು ನಮ್ಮ ಮನೆಯವರನ್ನೂ ನಿದ್ದೆಯಿಂದ ಎಬ್ಬಿಸಿತು. ಅಷ್ಟೇ ಆಗಿದ್ದರೆ ಮುನಿಸು ಎಂದು ಬಿಡಬಹುದಿತ್ತು, ನಾನು ಬಿಟ್ಟೆ ಕೂಡ. ಆದರೆ ಚಿಂಚೋಳಿಯಿಂದ ಶರಣಮ್ಮನವರು ಫೋನ್ ಮಾಡಿ ಮೊಮ್ಮಗಳ ಮಗುವಿಗೆ ತೊಟ್ಟಿಲು ಹಾಕುವ ದಿನ ಹೇಳಿದಾಗ ಅತ್ತೆಯವರು ತಾನು ಬರುವುದಿಲ್ಲ ಎಂದರು. ತಾಯಿ ಬೇಗ ತೀರಿಕೊಂಡ ಮೇಲೆ ಆ ತಂಗಿಯನ್ನು ಸೊಂಟದಲ್ಲಿಟ್ಟು ಬೆಳೆಸಿದವರು ಇವರು. ಫೋನ್ ಇಟ್ಟ ಮೇಲೆ ಒಳಗಿನ ಕೋಣೆಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದರು. ಊಟ ಮಾಡುತ್ತಿದ್ದರು, ನೀರು ಮಾತ್ರ ಮುಟ್ಟುತ್ತಿರಲಿಲ್ಲ. ಇಟ್ಟ ತಂಬಿಗೆ ಸಂಜೆಗೆ ಇಟ್ಟ ಹಾಗೇ ಇರುತ್ತಿತ್ತು. ಒಂದು ದಿನ ಅಡುಗೆಮನೆಯಲ್ಲಿ ತಲೆ ಸುತ್ತಿ ಗೋಡೆ ಹಿಡಿದು ನಿಂತರು. ಆಗ ನನಗೆ ಭಯವಾಯಿತು. ಒಂದು ಜಿಲೇಬಿಗೋಸ್ಕರ ಇಷ್ಟು ಹಟ ಮಾಡುವವರಲ್ಲ ಇವರು ಎಂಬ ಯೋಚನೆ ಮೊದಲ ಸಲ ಬಂತು. ಬಂದ ಯೋಚನೆಯನ್ನು ಏನು ಮಾಡುವುದೆಂದು ತಿಳಿಯದೆ ಹಾಗೇ ಇಟ್ಟುಕೊಂಡೆ.

ಆ ವಾರ ನನಗೆ ಶಹಾಬಾದದಲ್ಲಿ ಶಿಕ್ಷಕರ ತರಬೇತಿಯಿತ್ತು. ಬೆಳಿಗ್ಗೆ ಒಬ್ಬಳೇ ಹೊರಟೆ. ಒಂಬತ್ತನೆಯ ತರಗತಿಯ ಉತ್ತರ ಪತ್ರಿಕೆಗಳನ್ನು ಬಿಡುವಿನಲ್ಲಿ ತಿದ್ದೋಣವೆಂದು ಬಟ್ಟೆಯ ಚೀಲದಲ್ಲಿ ಹಾಕಿ, ಖಾಲಿ ಇತ್ತಲ್ಲ, ಮುಂದಿನ ಎಡಗಡೆಯ ಸೀಟಿನ ಕೆಳಗೆ ಕಾಲಿಡುವ ಜಾಗದಲ್ಲಿ ಇಟ್ಟೆ. ವಾಡಿ ಬರುವ ಹೊತ್ತಿಗೆ ಮೂಗಿಗೆ ಅದೇ ವಾಸನೆ ಬಂತು. ಅತ್ತೆಯವರು ಮನೆಯಲ್ಲಿ ಮಲಗಿದ್ದಾರೆ, ವಾಸನೆ ಕಾರಿನಲ್ಲಿದೆ. ಹಳೆಯದು ಉಳಿದಿರಬಹುದು ಎಂದು ಇನ್ನೂ ನನ್ನ ಪಕ್ಷವನ್ನೇ ವಾದಿಸಿಕೊಂಡೆ. ಗಾಜು ಮಂಜು ಹಿಡಿಯಿತು. ಮಾತಾಡುವವರು ಯಾರೂ ಇರಲಿಲ್ಲ. ಶಹಾಬಾದ ಮುಟ್ಟುವ ಮೊದಲೇ ಬಿಸಿಯ ಮುಳ್ಳು ಮೇಲಕ್ಕೆ ಹೊರಟಿತು. ಹೀಟರ್ ತೆರೆಯುವ ಧೈರ್ಯ ನನಗಿರಲಿಲ್ಲ. ಊರ ಮುಂದಿನ ಮೊದಲ ಗ್ಯಾರೇಜಿನ ಮುಂದೆ ನಿಲ್ಲಿಸಿ ಇಳಿದು, ಪತ್ರಿಕೆಗಳ ಚೀಲ ಎತ್ತಿದೆ. ಚೀಲದ ತಳ ತೊಯ್ದು ತೊಟ್ಟಿಕ್ಕುತ್ತಿತ್ತು. ಒಂಬತ್ತನೆಯ ತರಗತಿಯ ಅರ್ಧ ಮಕ್ಕಳ ಉತ್ತರಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಪಾಕದಲ್ಲಿ ಅದ್ದಿದ ಹಾಗೆ.

ಗ್ಯಾರೇಜಿನ ಮಿಸ್ತ್ರಿ ಖಾಜಾಮಿಯಾ ಅರವತ್ತು ದಾಟಿದ, ನಿಧಾನದ ಮನುಷ್ಯ. ಎಂಜಿನ್ ಆರುವವರೆಗೆ ಮುಚ್ಚಳ ಮುಟ್ಟಬೇಡಿ ಎಂದು ಹೇಳಿ ನನಗೊಂದು ಕುರ್ಚಿ ಹಾಕಿ, ಏನೇನಾಯಿತು ಎಂದು ಕೇಳಿದರು. ನಾನು ನೀರು ಕಡಿಮೆಯಾಗುವುದನ್ನು ಹೇಳಿದೆ. ಕೆಳಗೆ ಹನಿ ಬೀಳುತ್ತದೆಯೇ ಎಂದರು. ಇಲ್ಲ ಎಂದೆ. ಗಾಜಿಗೆ ಒಳಗಿನಿಂದ ಮಂಜು? ಹೌದು. ಸಿಹಿ ವಾಸನೆ? ಹೌದು ಎನ್ನುವಾಗ ನನ್ನ ದನಿ ಸಣ್ಣದಾಯಿತು. ಅವರು ಎದ್ದು ಹೋಗಿ ಎಡಗಡೆಯ ರಬ್ಬರ್ ಚಾಪೆ ಎತ್ತಿ, ಕೆಳಗಿನ ಕಾರ್ಪೆಟ್ಟಿಗೆ ಒಂದು ಬಿಳಿ ಬಟ್ಟೆ ಒತ್ತಿ ತೆಗೆದರು. ಬಟ್ಟೆಯ ಮೇಲೆ ತಿಳಿ ಹಸಿರು ಕಲೆ ಮೂಡಿತ್ತು.

“ಇಲ್ಲಿ ನೋಡ್ರಿ ಮೇಡಂ, ನಿಮ್ಮ ಕೂಲೆಂಟ್,” ಎಂದರು. “ಒಳಗ ಡ್ಯಾಶ್‌ಬೋರ್ಡಿನ ಹಿಂದ ಒಂದು ಸಣ್ಣ ರೇಡಿಯೇಟರ್ ಇರ್ತದ, ಹೀಟರ್ ಕಾಯಿಲ್ ಅಂತೀವಿ. ಅದು ಸೋರ್ಲಿಕತ್ತದ. ಹೊರಗ ಹ್ಯಾಂಗ ಬೀಳಬೇಕು? ಎಲ್ಲಾ ಒಳಗೇ, ಇಲ್ಲಿ ಕುಂತವರ ಕಾಲ ಮ್ಯಾಲ.”

ನಾನು ನಂಬಲಾಗದೆ ಬಟ್ಟೆಯನ್ನು ಬೆರಳಿನಿಂದ ಮುಟ್ಟಿ, ಬೆರಳನ್ನು ಮೂಗಿನ ಹತ್ತಿರ ತಂದೆ. ಅಲ್ಲಿಂದ ನಾಲಿಗೆಗೆ ಎಷ್ಟು ದೂರ? ಖಾಜಾಮಿಯಾ ನನ್ನ ಕೈ ಹಿಡಿದು ತಡೆದರು. ಬಾಯಿಗೆ ಹಚ್ಚಬೇಡಿ, ವಿಷ ಅದು, ಮಕ್ಕಳು ಬೆಕ್ಕುಗಳಿಗೆ ಇದರ ಸಿಹಿಯೇ ಮೋಸ ಎಂದರು. ನೀವು ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ಶಾಲೆಯಲ್ಲಿದ್ದೇನೆ ಎಂದೆ. ಯಾವ ವಿಷಯ ಎಂದು ಅವರು ಕೇಳಲಿಲ್ಲ, ದೊಡ್ಡವರು.

ಹೀಟರ್ ಯಾವಾಗಲಾದರೂ ಹಾಕಿದ್ದಿರಾ ಎಂದು ಕೇಳಿದಾಗ ಚಿಂಚೋಳಿಯ ಪ್ರಯಾಣ ಹೇಳಬೇಕಾಯಿತು. ಅವರು ನಗಲಿಲ್ಲ, ಆದರೆ ಸ್ವಲ್ಪ ಹೊತ್ತು ಸ್ಪ್ಯಾನರ್ ಹಿಡಿದುಕೊಂಡು ಬೇರೆ ಕಡೆ ನೋಡಿದರು. ವರ್ಷಗಟ್ಟಲೆ ಮುಚ್ಚಿದ್ದ ಹೀಟರಿನ ನಲ್ಲಿ ಆ ದಿನ ತೆರೆದುಕೊಂಡು ಹಾಗೇ ಅಂಟಿಕೊಂಡಿತ್ತಂತೆ. ತುಕ್ಕು ಹಿಡಿದ ಕಾಯಿಲಿಗೆ ಬಿಸಿ ನೀರು ನುಗ್ಗಿ ತೂತು ಬಿದ್ದಿತು. ಆಮೇಲೆ ಕೂಲೆಂಟಿನ ಬದಲು ಬರೀ ನಲ್ಲಿ ನೀರು ಹಾಕಿದ್ದರಿಂದ ತುಕ್ಕು ಇನ್ನಷ್ಟು ತಿಂದಿತು, ಬಣ್ಣವೂ ತಿಳಿಯಾಗಿ ಕಣ್ಣಿಗೆ ಬೀಳಲಿಲ್ಲ. ಕಾಯಿಲ್ ಬದಲಿಸಬೇಕೆಂದರೆ ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು. ಅದರ ಬದಲು ಹೀಟರಿಗೆ ಹೋಗುವ ಪೈಪು, ಬರುವ ಪೈಪು ಎರಡನ್ನೂ ಹೊರಗೇ ಒಂದಕ್ಕೊಂದು ಜೋಡಿಸಿದರೆ ನೀರು ಒಳಗೆ ಬರುವುದೇ ಇಲ್ಲ, ಹೀಟರ್ ಮಾತ್ರ ನಡೆಯುವುದಿಲ್ಲ ಎಂದರು. “ನಮ್ಮ ಕಡೆ ಹೀಟರ್ ಯಾರಿಗಿ ಬೇಕ್ರಿ?” ನನಗಂತೂ ಬೇಡವಾಗಿತ್ತು. ಅವರು ಬಾಗಿದ ಪೈಪಿನ ತುಂಡೊಂದನ್ನು ಕೂಡಿಸಿ, ಕ್ಲಿಪ್ ಬಿಗಿದು, ಹೊಸ ಕೂಲೆಂಟ್ ತುಂಬಿ, ಎಂಜಿನ್ ಓಡಿಸಿ ಗಾಳಿಯ ಗುಳ್ಳೆಗಳೆಲ್ಲ ಹೋಗುವವರೆಗೆ ಕಾದರು. ತರಬೇತಿ ಆ ದಿನ ನಾನಿಲ್ಲದೆ ನಡೆಯಿತು. ಆದರೂ ಏನೂ ಕಲಿಯಲಿಲ್ಲ ಎನ್ನುವ ಹಾಗಿಲ್ಲ.

ಹಿಂದಿರುಗುವ ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತನ್ನು ಜೋಡಿಸಿಕೊಂಡು ಬಂದೆ. ನೀವು ಸಿಹಿ ತಿಂದಿರಲಿಲ್ಲ, ತಪ್ಪು ತಿಳಿದುಕೊಂಡೆ ಅತ್ತಿ, ಎಂದು ನೇರವಾಗಿ ಹೇಳಿಬಿಡುವುದು. ಮನೆಗೆ ಬಂದಾಗ ಅವರು ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದರು. ನಾನು ಚಪ್ಪಲಿ ಬಿಡುವಾಗಲೇ ಶುರು ಮಾಡಿದೆ.

“ಅತ್ತಿ, ಆ ವಾಸನಿ ಗಾಡೀದು. ಒಳಗ ಒಂದು ಕಾಯಿಲ್ ತೂತು ಬಿದ್ದಿತ್ತು, ಮಿಸ್ತ್ರಿ ತೋರಿಸಿದ್ರು.”

ಅವರ ಕೈ ಮೊರದಲ್ಲೇ ನಿಂತಿತು. “ವಾಸನಿ ಗಾಡೀದಾ?”

“ಹೂಂ.”

“ಮತ್ತ ಹಸಿ?”

“ಯಾವ ಹಸಿ?”

“ಕಾಲಾಗ ಆಗ್ತಿತ್ತಲ್ಲವ್ವ, ಸೀರಿ ತೊಯ್ತಿತ್ತಲ್ಲ, ಆ ಹಸಿ.”

“ಅದೂ ಗಾಡೀದೇರಿ.”

ಅವರು ಮೊರವನ್ನು ಪಕ್ಕಕ್ಕಿಟ್ಟು ಸೆರಗಿನಿಂದ ಮುಖ ಮುಚ್ಚಿಕೊಂಡರು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯದೆ ನಾನು ಹತ್ತಿರ ಹೋಗಿ ಕೂತೆ. ಎರಡೂ ಆಗಿತ್ತು.

“ನಾ ಅದು ನಂದೇ ಅಂತ ತಿಳಕೊಂಡಿದ್ದೆ,” ಎಂದರು.

ಆಮೇಲೆ ಒಂದೊಂದಾಗಿ ಹೇಳಿದರು. ಸಕ್ಕರೆ ಕಾಯಿಲೆಯವರ ಮೂತ್ರವೇ ಸಿಹಿಯಾಗಿರುತ್ತದೆ, ಅದಕ್ಕೆ ಇರುವೆ ಮುತ್ತುತ್ತವೆ ಎಂದು ಅವರು ಚಿಕ್ಕಂದಿನಲ್ಲೇ ಕೇಳಿದ್ದರು. ಕಾರಿನಲ್ಲಿ ಕಾಲ ಬಳಿ ಹಸಿಯಾಗತೊಡಗಿ, ಅದಕ್ಕೆ ಸಿಹಿ ವಾಸನೆಯೂ ಬಂದಾಗ ತಮಗೆ ಅರಿವಿಲ್ಲದೆ ಹೋಗುತ್ತಿದೆ ಎಂದು ನಿಶ್ಚಯಿಸಿಕೊಂಡರು. ದಿನಾ ಬೆಳಿಗ್ಗೆ ಬಗ್ಗಿ ನೋಡುತ್ತಿದ್ದದ್ದು ಇರುವೆ ಬಂದಿವೆಯೇ ಎಂದು. ಚೀಲದಲ್ಲಿದ್ದದ್ದು ನಾನು ನೋಡುವ ಮೊದಲೇ ಒರೆಸಿಬಿಡುವ ಬಟ್ಟೆ. ನೀರು ಬಿಟ್ಟದ್ದು ಅದಕ್ಕೇ, ಚಿಂಚೋಳಿಗೆ ಬರುವುದಿಲ್ಲ ಎಂದದ್ದೂ ಅದಕ್ಕೇ. ನಾಲ್ಕು ಜನ ಸೇರಿದ ಮನೆಯಲ್ಲಿ, ತಂಗಿಯ ಮುಂದೆ ಹಾಗಾದರೆ ಏನು ಗತಿ ಎಂದು. ನಾನು ಕೇಳುತ್ತ ಕೂತೆ. ಕೇಳುತ್ತ ಕೇಳುತ್ತ, ಸೇತುವೆ ದಾಟಿದ ಮೇಲೆ ನಡೆದ ಮಾತುಕತೆಯೆಲ್ಲ ಇನ್ನೊಂದು ಸಲ ನನ್ನ ಕಿವಿಯಲ್ಲಿ ನಡೆಯಿತು. ತನ್ನ ದೇಹ ತನ್ನ ಮಾತು ಕೇಳುತ್ತಿಲ್ಲ ಎಂದು ಹೆದರಿದ್ದ ಮುದುಕಿಗೆ ನಾನು, ಮನಸ್ಸು ಗಟ್ಟಿ ಮಾಡಿ ತಡೆದುಕೊಳ್ಳಿ ಎಂದು ಉಪದೇಶ ಮಾಡಿದ್ದೆ. ಎದ್ದು ಹೋಗಿ ಒಂದು ತಂಬಿಗೆ ನೀರು ತಂದುಕೊಟ್ಟೆ. ಅವರು ತಂಬಿಗೆಯನ್ನು ಕೆಳಗಿಳಿಸದೆ ಪೂರ್ತಿ ಕುಡಿದರು. ಇನ್ನೊಂದು ಎಂದರು. ಅದನ್ನೂ ಕುಡಿದರು.

ಈಗ ಕ್ಷಮೆ ಕೇಳಲೇಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು ನನ್ನ ಕೈ ಹಿಡಿದುಕೊಂಡರು.

“ನಿನಗ ಗೊತ್ತಾಗಿತ್ತು. ಆದ್ರೂ ಮೂಗು ಮುಚ್ಚಲಿಲ್ಲ, ಯಾರ ಮುಂದೂ ಬಾಯಿ ಬಿಡಲಿಲ್ಲ. ಹೊಟ್ಟ್ಯಾಗ ಹುಟ್ಟಿದ ಮಗಳಿದ್ರೂ ಇಷ್ಟು ಮಾಡ್ತಿರಲಿಲ್ಲ, ಸುವರ್ಣಾ.”

ಆ ಕ್ಷಣದಲ್ಲಿ ಒಬ್ಬ ಪ್ರಾಮಾಣಿಕ ಹೆಂಗಸು ಏನು ಹೇಳಬೇಕಿತ್ತು ಎಂಬುದು ನನಗೆ ಚೆನ್ನಾಗಿ ಗೊತ್ತು. ಅತ್ತಿ, ನನಗೆ ಏನೂ ಗೊತ್ತಾಗಿರಲಿಲ್ಲ, ನೀವು ಜಿಲೇಬಿ ಕದ್ದು ತಿನ್ನುತ್ತೀರಿ ಎಂದುಕೊಂಡಿದ್ದೆ, ನಿಮ್ಮ ಚೀಲ ನೋಡಿದೆ, ನಿಮ್ಮ ಸೀಟು ಮೂಸಿದೆ, ಎನ್ನಬೇಕಿತ್ತು. ಬಾಯಿ ತೆರೆದೇ ಇತ್ತು. ಆದರೆ ಮದುವೆಯಾಗಿ ಬಂದ ಇಷ್ಟು ವರ್ಷಗಳಲ್ಲಿ ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು. ಬಾಯಿ ತಾನಾಗಿಯೇ ಮುಚ್ಚಿಕೊಂಡಿತು. ಅಷ್ಟು ಗಟ್ಟಿ ಮನಸ್ಸು ನನಗೂ ಇರಲಿಲ್ಲ. ಸಂಜೆ ಪಾಳಿ ಮುಗಿಸಿ ಬಂದ ನಮ್ಮ ಮನೆಯವರಿಗೆ ಕಾರಿನ ವಿಷಯ ಮಾತ್ರ ಹೇಳಿದೆ. ಹೊರಗೆ ಸೋರುತ್ತಿಲ್ಲ ಎಂದು ತಾನು ಅವತ್ತೇ ಹೇಳಿದ್ದೆನಲ್ಲ ಎಂದು ಅವರು ಸಮಾಧಾನದಿಂದ ಮಲಗಿದರು.

ತೊಟ್ಟಿಲಿನ ದಿನ ಚಿಂಚೋಳಿಗೆ ಹೋದೆವು. ಅತ್ತೆಯವರು ಮುಂದಿನ ಸೀಟಿನಲ್ಲಿ ಹೊಸ ಇಳಕಲ್ ಸೀರೆಯುಟ್ಟು ಕೂತು, ಸೇಡಂ ದಾಟುವವರೆಗೆ ಯಾವ ಎಮ್ಮೆಯನ್ನೂ ಬಿಡದೆ ನನಗೆ ತೋರಿಸಿದರು. ಮಗುವನ್ನು ತೊಟ್ಟಿಲಿಗೆ ಹಾಕಿ, ಹೆಸರು ಕೂಗಿ, ಹೆಂಗಸರೆಲ್ಲ ಸಾಲಾಗಿ ಊಟಕ್ಕೆ ಕೂತಾಗ ಅವರು ತಂಗಿಗೆ ಕಥೆ ಶುರು ಮಾಡಿದರು. ತಂಗಿಗೆ ಎಂದು ಶುರು ಮಾಡಿದ್ದು. ಅವರ ದನಿಯ ವಿಷಯ ಹೇಳಿದ್ದೇನಲ್ಲ, ಸಾಲಿನ ಆ ತುದಿಯವರೂ ಕೈ ನಿಲ್ಲಿಸಿ ಕೇಳಿದರು. ಯಾವುದನ್ನು ಮಗನಿಗೂ ಹೇಳಬೇಡ ಎಂದು ಬೇಡಿಕೊಂಡಿದ್ದರೋ ಅದನ್ನು ಈಗ ಕಾರಿನ ತಲೆಗೆ ಕಟ್ಟಿ ಸಂತೋಷದಿಂದ ಹೇಳುತ್ತಿದ್ದರು. ಹೆಂಗಸರು ನಕ್ಕರು, ಕಣ್ಣೊರೆಸಿಕೊಂಡರು. ನನ್ನ ಪಾತ್ರ ಬಂದಾಗ ಎಲ್ಲರೂ ನನ್ನ ಕಡೆ ತಿರುಗಿದರು. ಇಂಥ ಸೊಸೆ ಈ ಕಾಲದಲ್ಲಿ ಎಲ್ಲಿ ಸಿಗುತ್ತಾಳೆ ಎಂದು ಒಬ್ಬರು ಎಂದರು. ನಾನು ತಲೆ ತಗ್ಗಿಸಿದೆ. ವಿನಯ ಎಂದುಕೊಂಡರು.

ಅಷ್ಟರಲ್ಲಿ ಬಡಿಸುವವರು ಶೇಂಗಾ ಹೋಳಿಗೆ ತಂದರು. ಅತ್ತೆಯವರು ನಿಧಾನವಾಗಿ ಎರಡು ಎತ್ತಿ ಎಲೆಗೆ ಹಾಕಿಕೊಂಡರು. ನನ್ನ ಕೈ ಅಭ್ಯಾಸದಂತೆ ಅರ್ಧ ಮುಂದಕ್ಕೆ ಹೋಯಿತು. ಶರಣಮ್ಮನವರು, ಅಕ್ಕಾ, ನಿನಗೆ ಸಕ್ಕರೆ ಅಲ್ಲವೇ, ಸೊಸೆ ಏನೂ ಅನ್ನುವುದಿಲ್ಲವೇ ಎಂದು ಕೇಳಿದರು.

“ನಮ್ಮ ಸುವರ್ಣಾ ಅಂಥಾಕಿ ಅಲ್ಲ,” ಎಂದರು ಅತ್ತೆಯವರು, ಹೋಳಿಗೆ ಮುರಿಯುತ್ತ, ನನ್ನ ಮುಖವನ್ನೇ ನೋಡುತ್ತ.

ಸಾಲಿನ ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದರು. ಮುಂದಕ್ಕೆ ಹೋಗಿದ್ದ ಕೈಗೆ ಏನಾದರೂ ಕೆಲಸ ಬೇಕಿತ್ತು. ತುಪ್ಪದ ಬಟ್ಟಲು ಎತ್ತಿ ಅತ್ತೆಯವರ ಹೋಳಿಗೆಯ ಮೇಲೆ ಬಡಿಸಿದೆ.